ಏಡಿ ಮನಿ

ನಿತಾಯಿ,

ನೀ ಸತ್ತು ವರ್ಷಾತು, ಈ ಕಾಗದ ಎಲ್ಲಿಗೆ ಹಾಕ್ಲಿ? ಆದ್ರೂ ಬರಿಯಾಕತ್ತೀನಿ. ಇವತ್ತಿನ ಸುದ್ದಿ ಹೇಳಾಕ ನಿನ್ನ ಬಿಟ್ರ ನನಗ ಯಾರದಾರ?

ನಿಮ್ಮ ಬಂಗಾಲಿ ನಿರಾಶ್ರಿತರ ಕ್ಯಾಂಪಿನ ಅಂಗನವಾಡಿ ಟೀಚರ್ ಭಾರತಿ ಹುಡುಗರನ್ನ ನನ್ನ ಗದ್ದಿಗೆ ಕರ್ಕೊಂಡು ಬಂದಿದ್ಳು, ಯಾವ ಜೀವ ಎಲ್ಲಿ ಇರ್ತೈತಿ ಅಂತ ಕಲಿಸಾಕ. ನೆಲ್ಲಿನಾಗಿನ ಕಪ್ಪಿ, ಜಾಲಿಗಿಡದಾಗಿನ ಗೀಜಗನ ಗೂಡು ಎಲ್ಲಾ ನಾನೇ ತೋರಿಸಿದೆ. ನಮ್ಮಿಬ್ಬರ ಗದ್ದಿ ನಡುವಿನ ಬದುವಿಗೆ ಏಡಿ ತೂತು ಹಾಕಿತ್ತು. ನೀರು ಸೋರ್ತೈತಿ ಅಂತ ಕೆಸರು ತುಂಬಾಕ ಹೋದ್ರ, ಒಂದು ಮೋಟುಜಡಿ ಹುಡುಗಿ ನನ್ನ ಕೈ ಹಿಡ್ಕೊಂಡ್ಳು.

"ತಾತ, ಅದು ಏಡಿ ಮನಿ. ಒಳಗ ಮರಿ ಇದ್ರ?"

"ಸರೀಬೇ ಅತ್ಲಾಗ" ಅಂದೆ. ಸರಿಲಿಲ್ಲ, ತೂತಿನ ಮುಂದ ಕುಂತೇಬಿಟ್ಳು. ಉಳಿದ ಹುಡುಗರೂ ಸಾಲಾಗಿ ಕುಂತವು. ನನ್ನ ಸಿಟ್ಟು ನಿನಗ ಗೊತ್ತಲ್ಲ, ಆದ್ರೂ ಕೆಸರು ಕೆಳಗ ಹಾಕಿದೆ.

ಈಗ ನನ್ನ ನೀರು ನಿನ್ನ ಗದ್ದಿಗೆ ಹರಿಯಾಕತ್ತೈತಿ. ಮೊದಲೆಲ್ಲಾ ಒಂಚೂರು ಸೋರಿದ್ರೂ ನೀ ದೂರದಿಂದ್ಲೇ, "ಲೇ ಶರಣಪ್ಪಾ, ನನ್ನ ಗೊಬ್ಬರ ತೊಳ್ಕೊಂಡು ಹೋತು!" ಅಂತ ಒದರ್ಕೊಂತ ಬರ್ತಿದ್ದಿ.

ಸಂಜಿತನಕ ಬದುವಿನ ಮ್ಯಾಲೇ ಕುಂತಿದ್ದೆ. ಬೈಯಾಕ ಯಾರೂ ಬರ್ಲಿಲ್ಲ.