ಮದಿನಾಬಿಯ ಮೂವತ್ತಾರು ಕಂತು

ಮಾರ್ಚ್ 3, 2025, ಸೋಮವಾರ

ಯೂನಿಫಾರ್ಮಿನ ಹನ್ನೊಂದು ಅಂಗಿ ಮುಗಿದವು. ಮೊಣಕಾಲು ಹಿಡಿದುಕೊಂಡಿವೆ. ಈ ಕಾಲಲ್ಲಿ ತುಳಿಯುವ ಮಷಿನ್ನಿನಲ್ಲಿ ಈ ಸೀಸನ್ ದಾಟುವುದಿಲ್ಲ... ಮೋಟಾರಿನದೇ ಬೇಕು. ಸಾಲ ಕೇಳಬೇಕು.

ಇಡೀ ದಿನ ಬಾಯಿ ತೆರೆದದ್ದು ಹಾಲಿನವನ ಮುಂದೆ. ಅದೂ ಅರ್ಧ ಲೀಟರ್ ಅಂತ ಅಷ್ಟೇ.

ಮಾರ್ಚ್ 5, ಸಂಜೆ

ಚಿಕ್ಕೋಡಿಯ ಬ್ಯಾಂಕಿಗೆ ಹೋಗಿದ್ದೆ. ಸಾಲದ ಟೇಬಲ್ಲಿನಲ್ಲಿ ಕಾಜಲ ಅಂತ ಹುಡುಗಿ. ಮೊದಲು ಸಿಬಿಲ್ ರಿಪೋರ್ಟ್ ನೋಡಬೇಕಂತೆ, ಹಿಂದಿನ ಸಾಲ ಕಟ್ಟಿದ ಲೆಕ್ಕ. ಹುಟ್ಟಿದಾಗಿನಿಂದ ಒಂದು ರೂಪಾಯಿ ಸಾಲ ಮಾಡಿದವಳಲ್ಲ ಎಂದು ಜಂಬದಿಂದ ಹೇಳಿದೆ.

"ಯಾರಿಗರ ಜಾಮೀನ ನಿಂತೀರೇನ್ರಿ ಮೌಶಿ? ಅದೂ ನಿಮ್ಮ ರಿಪೋರ್ಟಿನ್ಯಾಗ ಬರತೈತ್ರಿ. ಅವರು ಕಟ್ಟಲಿಲ್ಲಂದ್ರ ನಿಮ್ಮ ಸ್ಕೋರ್ ಬೀಳತೈತಿ."

ನಿಂತಿದ್ದೆ, ಒಬ್ಬಳಿಗೆ. ಮದಿನಾಬಿ.

ಪಕ್ಕದ ಮನೆಯವಳು. ಹನ್ನೆರಡು ವರ್ಷ ಇದೇ ಕೋಣೆಯಲ್ಲಿ ಇಬ್ಬರೂ ಹೊಲಿದೆವು. ಅವಳ ಮಷಿನ್ ಬಾಗಿಲ ಹತ್ತಿರ, ನನ್ನದು ಕಿಟಕಿಯ ಹತ್ತಿರ. ಮೋಟಾರ್ ಮಷಿನ್ನಿಗೆ ಅವಳು ಸಾಲ ತೆಗೆದಾಗ ಸಹಿ ಹಾಕಿದ್ದು ನಾನು. ಮರುವರ್ಷ ಅವಳ ಗಂಡ ಉಸ್ಮಾನ ತೀರಿಕೊಂಡ. ಒಂದು ಬೆಳಿಗ್ಗೆ ಮಷಿನ್ ಹೇರಿಕೊಂಡು ಪಾಲಬಾವಿಗೆ, ಅಣ್ಣನ ಮನೆಗೆ ಹೋಗಿಬಿಟ್ಟಳು. ನನಗೂ ಹೇಳಲಿಲ್ಲ. ಸಾಲ ಮುಳುಗಿಸಿ ಓಡಿಹೋದಳು ಅಂದಳು ಎದುರು ಮನೆಯ ಅಕ್ಕುತಾಯಿ. ನಂಬಿದೆ.

ಕಾಜಲಳಿಗೆ ಇನ್ನೊಂದು ದಿನ ಬರುವೆ ಎಂದು ಎದ್ದು ಬಂದೆ.

ಮಾರ್ಚ್ 6

ಕೆಲಸ ಮಾಡಲಿಲ್ಲ. ಇಲ್ಲಿಯೂ ಬರೆಯದೆ ಮುಚ್ಚಿಟ್ಟದ್ದು ಒಂದಿದೆ. ಬರೆದುಬಿಡುತ್ತೇನೆ.

2022ರ ಆಗಸ್ಟ್. ಊರು ಬಿಟ್ಟು ಹೋದ ಮೇಲೆ ಮದಿನಾಬಿ ಒಮ್ಮೆ ಬಂದಿದ್ದಳು. ಕಿಟಕಿಯಿಂದ ಕಂಡೆ. ಕಂತಿಗೆ ದುಡ್ಡು ಕೇಳಲು ಬಂದಳು ಅಂತ ಮಷಿನ್ನಿನಿಂದ ಕಾಲು ತೆಗೆದು ಉಸಿರು ಬಿಗಿಹಿಡಿದು ಕೂತೆ. ಮೂರು ಸಲ ಬಾಗಿಲು ಬಡಿದಳು.

"ಚಂದ್ರಾ, ನಾನವ್ವಾ."

ತೆರೆಯಲಿಲ್ಲ. ಹೋದಳು. ಆಮೇಲೆ ಅವಳ ಫೋನೂ ಎತ್ತಲಿಲ್ಲ.

ಮಾರ್ಚ್ 17

ಹನ್ನೊಂದು ದಿನ ಹೆದರಿ ಕೂತಿದ್ದೆ. ಇವತ್ತು ಬ್ಯಾಂಕಿಗೆ ಹೋದೆ. ಕಾಜಲ ನನ್ನ ಪ್ಯಾನ್ ನಂಬರ್ ಹಾಕಿದಳು, ಓಟಿಪಿ ಬಂತು, ಓದಿ ಹೇಳಿದೆ. ಕಾಗದ ಹೊರಬಂತು.

ತಿಂಗಳಿಗೊಂದು ಚೌಕ. ಒಳಗಿನ ಅಂಕಿ ಅಂದರೆ ಎಷ್ಟು ದಿನ ತಡ. ಸೊನ್ನೆ ಇದ್ದರೆ ವೇಳೆಗೆ ಸರಿಯಾಗಿ ಕಟ್ಟಿದ್ದು. ಜಾಮೀನುದಾರಳು ಅಂತ ನನ್ನ ಹೆಸರಿನಲ್ಲಿ ಮೂವತ್ತಾರು ಚೌಕ. ಕನ್ನಡಕ ಒರೆಸಿಕೊಂಡು ಎಣಿಸಿದೆ. ಮೂವತ್ತೈದು ಸೊನ್ನೆ.

"ಬಾಳ ಛಲೋ ಐತ್ರಿ ಮೌಶಿ. ಒಂದ ತಿಂಗಳ ಅಷ್ಟ ತಡಾ ಆಗೈತಿ. ಮುಂದಿನ ತಿಂಗಳ ಎರಡೂ ಕೂಡಿ ಕಟ್ಯಾರ."

ಯಾವ ತಿಂಗಳು ಅಂತ ಕೇಳಬೇಕಿರಲಿಲ್ಲ. ಕೇಳಿದೆ. ಆಗಸ್ಟ್ 2022.

ಗಂಡ ಸತ್ತ ಮೇಲೂ, ಅಣ್ಣನ ಹಂಗಿನ ಮನೆಯಲ್ಲಿದ್ದೂ, 2023ರ ಡಿಸೆಂಬರ್‌ವರೆಗೆ ಕಟ್ಟಿ ಮುಗಿಸಿದ್ದಾಳೆ. ನನ್ನ ಸ್ಕೋರ್ 761. ಸಾಲ ಸಿಗುತ್ತದೆ. ಬ್ಯಾಂಕಿನಲ್ಲೇ ಅಳು ಬಂತು. ಖುಷಿಗೆ ಅಳುತ್ತಿದ್ದೇನೆ ಅಂದುಕೊಂಡು ಆ ಹುಡುಗಿ ನೀರು ಕೊಟ್ಟಳು.

ಮಾರ್ಚ್ 31

ರಮಜಾನ್ ಹಬ್ಬ. ಪ್ರತಿ ವರ್ಷ ಮದಿನಾ ಸುರ್ಕುಂಬಾ, ಹಾಲು ಶಾವಿಗೆಯ ಪಾಯಸ, ಕಳಿಸುತ್ತಿದ್ದಳು. ನಾವು ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಅಂತ ಹೊತ್ತು ಮುಳುಗುವ ಮೊದಲೇ. ನನಗಾಗಿಯೇ ತೆಗೆದಿಟ್ಟ ಸ್ಟೀಲ್ ಡಬ್ಬಿಯಲ್ಲಿ. ಕೊನೆಯ ಸಲದ ಡಬ್ಬಿ ನನ್ನ ಹತ್ತಿರವೇ ಉಳಿದಿದೆ. ಅದರಲ್ಲಿ ಅಂಗಿಯ ಗುಂಡಿ ಹಾಕಿಟ್ಟಿದ್ದೆ, ನಾಚಿಕೆಯಿಲ್ಲದವಳು.

ಗುಂಡಿ ಸುರುವಿ ತೊಳೆದಿಟ್ಟೆ.

ಏಪ್ರಿಲ್ 4

ಹೊಸ ಮಷಿನ್ ಬಂತು. ಬಾಗಿಲ ಹತ್ತಿರ ಇಡಲೇ ಅಂದ, ತಂದವನು. ಬೇಡ ಅಂದೆ.

ಏಪ್ರಿಲ್ 6, ಭಾನುವಾರ

ಖಾಲಿ ಡಬ್ಬಿ ಕೊಡಬಾರದು. ಶೇಂಗಾ ಉಂಡಿ ತುಂಬಿಕೊಂಡೆ. ಚಿಕ್ಕೋಡಿ, ರಾಯಬಾಗ, ಪಾಲಬಾವಿ — ಮೂರು ಬಸ್. ಮನೆ ಮರೆತಿರಲಿಲ್ಲ. ಅವಳ ಅಣ್ಣನ ಮಗಳ ಮದುವೆಗೆ ಹೋಗಿದ್ದೆನಲ್ಲ.

ಓಣಿಗೇ ಕೇಳಿಸುತ್ತಿತ್ತು ಮಷಿನ್ ಸದ್ದು. ಬಾಗಿಲು ಬಡಿದೆ.

"ಮದಿನಾ, ನಾನವ್ವಾ. ಚಂದ್ರಾ."

ಸದ್ದು ನಿಂತಿತು.

ಎಷ್ಟು ಹೊತ್ತು ನಿಂತೆನೋ. ಯಾರೂ ಬರಲಿಲ್ಲ. ಒಳಗೆ ಹೇಗೆ ಕೂತಿರುತ್ತಾರೆ ಅಂತ ನನಗೆ ಗೊತ್ತು... ಮತ್ತೆ ಬಡಿಯಲು ಕೈ ಏಳಲಿಲ್ಲ. ಡಬ್ಬಿ ಹೊಸ್ತಿಲಲ್ಲಿಟ್ಟು ಬಂದೆ.

ಏಪ್ರಿಲ್ 13, ಬೆಳಿಗ್ಗೆ 5.40

ಶೇಂಗಾ ಹುರಿದು ಉಂಡಿ ಕಟ್ಟಿಯಾಯಿತು. ಈ ಸಲ ನನ್ನದೇ ಡಬ್ಬಿ. ಆರೂಕಾಲಿಗೆ ಬಸ್. ತೆರೆಯದಿದ್ದರೆ ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ. ಅವಳು ಮೂವತ್ತಾರು ಕಟ್ಟಿದ್ದಾಳೆ. ನನ್ನದು ಇದು ಎರಡನೆಯ ಕಂತು.