ಕಿತ್ತು ಎಸೆದ ಬೋರ್ಡು

ಆಮರ್ಸ್‌ಫೋರ್ಟ್
೩೦ ಏಪ್ರಿಲ್ ೨೦೨೬, ಗುರುವಾರ

ಪ್ರೀತಿಯ ಲೀಲಾ,

ಮೊಣಕಾಲು ಹೇಗಿದೆ? ಎಣ್ಣೆ ದಿನಾ ತಿಕ್ಕಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿ ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಿದ್ದೀಯೋ? ಬಿ.ಪಿ. ಮಾತ್ರೆ ತಪ್ಪಿಸಬೇಡ. ನನ್ನ ಮೈ ಚೆನ್ನಾಗಿದೆ, ತಲೆ ಮಾತ್ರ ಕಾದ ಹೆಂಚಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ಎರಡನೇ ಮಾತಿಗೆ ನಾನು ಕೂಗಾಡುತ್ತೇನೆ, ಮೂರನೇ ಮಾತಿಗೆ ನೀನು ಫೋನ್ ಇಡುತ್ತೀಯ. ಅದಕ್ಕೇ ಈ ಕಾಗದ. ಜಯದೇವನ ಆಫೀಸಿನ ಶಮಂತ್ ಶನಿವಾರ ದಾವಣಗೆರೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೊಂದು ಲೋಟ ಕಾಫಿ ಕೊಟ್ಟು ಕಳಿಸು, ಕೂರಿಸಿಕೊಂಡು ಮಗನ ಮನೆಯ ಸುದ್ದಿ ಕೆದಕಬೇಡ. ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಹಾಲಪ್ಪ ಮೊನ್ನೆ ಫೋನ್ ಮಾಡಿದ್ದ. ನಮ್ಮ ಮನೆ ಎದುರಿನ ಪಾರ್ಕಿನ ಜಾಗದಲ್ಲಿ ಸಮುದಾಯ ಭವನಕ್ಕೆ ಮೇ ಹತ್ತರಂದು ಗುದ್ದಲಿ ಪೂಜೆಯಂತೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಿನ್ನ ಮಗ ಮನೆ ತಗೊಂಡಿರುವುದು ಹೊಚ್ಚ ಹೊಸ ಬಡಾವಣೆಯಲ್ಲಿ. ಮನೆಗಳೆಲ್ಲ ಅಳತೆ ಕೋಲು ಹಿಡಿದು ಇಟ್ಟ ಹಾಗಿವೆ. ಆದರೆ ನಟ್ಟನಡುವೆ ಎರಡು ಎಕರೆಯನ್ನು ಹಾಗೇ ಬಿಟ್ಟಿದ್ದಾರೆ. ಹುಲ್ಲು, ತುರಚೆ ಗಿಡ, ಜೊಂಡು, ಒಂದು ಹಳೇ ಕಾಲುವೆ, ಬಗ್ಗಿ ನಿಂತ ನಾಲ್ಕು ಮುದಿ ಮರ. ಇದೇನಪ್ಪಾ ಎಂದರೆ ‘ಅಪ್ಪಾಜಿ, ಅದೇ ನಮ್ಮ ಪಾರ್ಕು’ ಅಂದ. ನನಗೆ ಪಿತ್ತ ನೆತ್ತಿಗೇರಿತು. ಮೂವತ್ತಾರು ವರ್ಷ ಊರಿನ ಪಾರ್ಕುಗಳನ್ನು ನೋಡಿಕೊಂಡವನಿಗೆ ಪಾರ್ಕು ಅಂದರೇನೆಂದು ಇವನು ಹೇಳಿಕೊಡುತ್ತಾನೆ! ಬೆಂಚಿಲ್ಲ, ಲಾನ್ ಇಲ್ಲ, ಒಂದು ಕ್ರೋಟನ್ ಗಿಡವಿಲ್ಲ. ನನ್ನ ಕೈಕೆಳಗಿನ ಮಾಲಿ ಹೀಗೆ ಬಿಟ್ಟಿದ್ದರೆ ಅವತ್ತೇ ಮೆಮೊ ಕೊಡುತ್ತಿದ್ದೆ. ಬಂದಾಗಿನಿಂದ ಒಂದು ತಿಂಗಳು ಅದನ್ನು ಕಿಟಕಿಯಿಂದ ನೋಡಿ ನೋಡಿ ಹಲ್ಲು ಕಡಿದಿದ್ದೇನೆ.

ಕಳೆದ ಭಾನುವಾರ ಇಲ್ಲಿನ ಕನ್ನಡದವರು ಎಂಟು ಮನೆಯವರು ಸೇರಿ, ಆ ಹುಲ್ಲಿನ ಪಕ್ಕದಲ್ಲೇ ಬಸವ ಜಯಂತಿಯ ಊಟ ಇಟ್ಟುಕೊಂಡಿದ್ದರು. ನಾಲ್ಕು ಜನ ಬರುತ್ತಾರೆಂದರೆ ಅಂಗಳ ಹಸನು ಮಾಡದೆ ಕೂರುವ ಜಾಯಮಾನ ನಮ್ಮದಲ್ಲವಲ್ಲ. ನೀನು ಬೇಡ ಬೇಡವೆಂದರೂ ಹಳೇ ಪಂಚೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲಿ ತಂದಿದ್ದೆನಲ್ಲ, ಆ ಕುಡುಗೋಲು ತೆಗೆದೆ. ಶನಿವಾರ ಬೆಳಿಗ್ಗೆ ಮನೆಯವರು ಏಳುವ ಮುಂಚೆ ಹೋಗಿ, ಎಂಟು ಗಂಟೆಯ ಹೊತ್ತಿಗೆ ಎರಡು ಪಂಕ್ತಿ ಕೂರುವಷ್ಟು ಜಾಗ ಸವರಿ ಬೋಳು ಮಾಡಿದೆ. ನಡುವೆ ಒಂದು ಕೋಲು, ಅದಕ್ಕೊಂದು ಹಲಗೆ, ಹಲಗೆಯ ಮೇಲೆ ಡಚ್ ಬರಹ. ನನಗೆ ಗೊತ್ತಿಲ್ಲದ ಆಟವೇ? ನಮ್ಮೂರಲ್ಲಿ ಪಾರ್ಕಿನೊಳಗೆ ಮೊದಲು ಬೋರ್ಡು ಬರುತ್ತದೆ, ಆಮೇಲೆ ತಂತಿ ಬೇಲಿ, ಆಮೇಲೆ ಶೆಡ್ಡು. ಸರ್ವಿಸಿನಲ್ಲಿ ಅಂಥ ಎಷ್ಟು ಬೋರ್ಡು ಕಿತ್ತಿಲ್ಲ ನಾನು! ಇಲ್ಲೂ ಯಾವನೋ ಜಾಗ ನುಂಗಲು ಹೊಂಚು ಹಾಕಿದ್ದಾನೆ ಎಂದುಕೊಂಡು ಕಿತ್ತು ಕಾಲುವೆಗೆ ಎಸೆದೆ. ಅದರ ಸುತ್ತಲಿನ ಹುಲ್ಲಿಗೂ ಕುಡುಗೋಲು ಹಾಕಿದೆ. ಒಂದು ಬಾತುಕೋಳಿ ಪಟಪಟನೆ ಎದ್ದು ಹಾರಿತು. ಹೋದರೆ ಹೋಗಲಿ ಅಂದುಕೊಂಡೆ.

ಆ ಹಲಗೆ ಬರೆದದ್ದು ನಿನ್ನ ಮುದ್ದಿನ ಮೊಮ್ಮಗಳು ಸ್ಮೃತಿ, ಲೀಲಾ. ‘ಇಲ್ಲಿ ಬಾತುಕೋಳಿ ಕಾವು ಕೂತಿದೆ, ದಯವಿಟ್ಟು ದೂರದಿಂದ ಹೋಗಿ’ ಅಂತ ಕ್ಲಾಸಿನ ಮಕ್ಕಳ ಜೊತೆ ಸೇರಿ ಬರೆದು ನೆಟ್ಟಿದ್ದಳಂತೆ. ಒಂಬತ್ತು ಮೊಟ್ಟೆ. ದಿನಾ ಸ್ಕೂಲಿನಿಂದ ಬರುವಾಗ ದೂರ ನಿಂತು ನೋಡಿ ಬರುತ್ತಿದ್ದಳಂತೆ. ಹತ್ತು ಗಂಟೆಗೆ ಪಕ್ಕದ ಮನೆಯ ಡಚ್ ಮುದುಕಿ ಬಾಗಿಲಿಗೇ ಬಂದಳು. ಈ ಜನಕ್ಕೆ ಸುತ್ತಿ ಬಳಸಿ ಹೇಳುವುದು ಗೊತ್ತಿಲ್ಲ. ‘ಮೊದಲು ಈ ಜಾಗ ಬಿಟ್ಟರು, ಆಮೇಲೆ ಮನೆ ಕಟ್ಟಿದರು. ಮನೆ ತಗೊಳ್ಳುವಾಗಲೇ ನಾವೆಲ್ಲ ಇದಕ್ಕೆ ಒಪ್ಪಿ ಸಹಿ ಮಾಡಿದ್ದೀವಿ, ನಿಮ್ಮ ಮಗನೂ ಮಾಡಿದ್ದಾನೆ. ವರ್ಷಕ್ಕೆ ಒಂದೇ ಸಲ, ಮರಿಗಳು ಹೊರಟ ಮೇಲೆ ಹುಲ್ಲು ಕೊಯ್ಯುತ್ತೀವಿ. ನೀವು ಪಾರ್ಕು ನೋಡಿಕೊಂಡವರು ಅಂತ ಕೇಳಿದ್ದೆ. ನಾಚಿಕೆ ಆಗಲ್ವಾ?’ ಜಯದೇವ ತಲೆ ತಗ್ಗಿಸಿಕೊಂಡು ಒಂದೊಂದೇ ಮಾತನ್ನು ಕನ್ನಡಕ್ಕೆ ಮಾಡಿ ಹೇಳಿದ. ನನಗೂ ರೇಗಿತು. ‘ಕೂರೋಕೊಂದು ಬೆಂಚಿಲ್ಲ, ಇದೂ ಒಂದು ಪಾರ್ಕಾ’ ಎಂದು ಅವಳ ಮುಖಕ್ಕೇ ಅಂದೆ. ಅದನ್ನು ಮಾತ್ರ ಅವನು ಡಚ್ಚಿಗೆ ಮಾಡಲಿಲ್ಲ.

ಭಾನುವಾರ ಆ ಬೋಳು ಜಾಗದಲ್ಲಿ ಯಾರೂ ಕೂರಲಿಲ್ಲ. ಇಪ್ಪತ್ತು ಜನ ಮನೆಯ ಹಾಲಿನಲ್ಲೇ ತಟ್ಟೆ ಹಿಡಿದು ನಿಂತು ಉಂಡರು. ಬಾತುಕೋಳಿ ವಾಪಸ್ ಬರಲಿಲ್ಲ. ಮಂಗಳವಾರ ಮುಟ್ಟಿ ನೋಡಿದೆ, ಮೊಟ್ಟೆಗಳು ಕಲ್ಲಿನಂತೆ ತಣ್ಣಗಿದ್ದವು. ಹಲಗೆಯನ್ನು ಕಾಲುವೆಯಿಂದ ಎತ್ತಿ, ಒರೆಸಿ, ಇದ್ದಲ್ಲೇ ನೆಟ್ಟು ಬಂದೆ. ಅಷ್ಟು ದಿನ ನನ್ನ ಬೆನ್ನು ಬಿಡದೆ ಅಜ್ಜಾ ಅಜ್ಜಾ ಎಂದು ಕನ್ನಡದಲ್ಲೇ ವಟಗುಟ್ಟುತ್ತಿದ್ದ ಹುಡುಗಿ, ಏನು ಕೇಳಿದರೂ ಡಚ್ಚಿನಲ್ಲಿ ಉತ್ತರ ಕೊಡಲು ಶುರು ಮಾಡಿದಳು. ಬೇಕೆಂದೇ! ನನಗೆ ಒಂದಕ್ಷರ ತಿಳಿಯುವುದಿಲ್ಲವೆಂದು ಗೊತ್ತಿದ್ದೇ! ಅವಳಮ್ಮ ಪದ್ಮಿನಿ ಗದರಿದರೂ ಕೇಳಲಿಲ್ಲ. ನಾಲ್ಕು ದಿನ ಹೀಗೇ ನಡೆಯಿತು. ನಿನ್ನೆ ಸಂಜೆ ತಾನಾಗಿ ಬಂದು ಎದುರಿಗೆ ನಿಂತು, ಕನ್ನಡದಲ್ಲಿ ಕೇಳಿದಳು: ‘ಅಜ್ಜಾ, ನಿಮ್ಮನೆ ಎದುರಿಗೆ ಹೊಂಗೆ ಮರದ ಪಾರ್ಕ್ ಇದೆಯಲ್ಲ, ಡಿಸೆಂಬರ್‌ಗೆ ನಾವು ಬಂದಾಗ ಅದು ಇರುತ್ತಾ? ಅದನ್ನೂ ಕಡೀತೀರಾ?’ ಇರುತ್ತೆ ಕಂದಾ ಅಂದುಬಿಟ್ಟೆ.

ಮುದುಕಿಯ ಮೇಲೆ ಸಿಟ್ಟಿತ್ತು, ಜಯದೇವನ ಮೇಲೂ ಇತ್ತು. ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂದಿದೆ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದದ್ದು ಅದೊಂದೇ ತುಂಡು. ಊರಿನವರ ಬೋರ್ಡೆಲ್ಲ ಕಿತ್ತವನು, ಸಂಘದ ಅಧ್ಯಕ್ಷನಾಗಿ ನನ್ನ ಮನೆ ಎದುರಿನ ಪಾರ್ಕಿನಲ್ಲೇ ಭವನ ಕಟ್ಟಲು ಒಪ್ಪಿಗೆ ಬರೆದುಕೊಟ್ಟೆ. ಯಾತಕ್ಕೆ? ಭವನದ ಕಲ್ಲಿನ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತೇವೆ ಎಂದ ಹಾಲಪ್ಪ, ನಾನು ಉಬ್ಬಿಹೋದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಇಲ್ಲಿ ಜನ ಒಂದು ಬಾತುಕೋಳಿಗಾಗಿ ನನ್ನ ಬಾಗಿಲಿಗೆ ಬಂದು ಜಗಳ ಆಡುತ್ತಾರೆ, ಅಲ್ಲಿ ಮರ ಹೋಗುತ್ತದೆ ಎಂದರೂ ಕೇಳಲು ಒಬ್ಬನೂ ಬರಲಿಲ್ಲ. ನೀನೊಬ್ಬಳು ಕೇಳಿದೆ. ‘ಮಕ್ಕಳು ಎಲ್ಲಿ ಆಡಬೇಕು ರೀ?’ ಅಂದೆ. ‘ನಿನಗೇನು ಗೊತ್ತಾಗುತ್ತೆ, ಒಳಗೆ ಹೋಗು’ ಅಂದಿದ್ದೆ ನಾನು. ಆ ಮಾತನ್ನು ವಾಪಸ್ ತಗೊಂಡಿದ್ದೇನೆ. ಎರಡನೇ ಸಲ ಹೇಳಿಸಬೇಡ.

ಜಯದೇವ, ಪದ್ಮಿನಿ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಸ್ಮೃತಿ ಇನ್ನೂ ಮುಖ ಊದಿಸಿಕೊಂಡೇ ಇದ್ದಾಳೆ. ಬಸವಣ್ಣ ನಿನ್ನ ಮೊಣಕಾಲಿಗೆ ಬಲವನ್ನೂ ನನ್ನ ನಾಲಿಗೆಗೆ ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ಇಂತಿ ನಿನ್ನ
ರುದ್ರಪ್ಪ

ತಾ.ಕ.: ಶಮಂತ್ ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕವರಿನಲ್ಲಿ ಇನ್ನೊಂದು ಹಾಳೆ ಇದೆ. ಅಧ್ಯಕ್ಷನಾಗಿ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದು ಸಹಿ ಹಾಕಿದ್ದೇನೆ. ಜೆರಾಕ್ಸ್ ಮಾಡಿಸಿ ಒಂದನ್ನು ಪಾಲಿಕೆಗೆ ಕೊಟ್ಟು ಸೀಲು ಹಾಕಿಸಿಕೋ, ಒಂದನ್ನು ಹಾಲಪ್ಪನಿಗೆ ಕೊಡು. ಮೂಲ ಪ್ರತಿ ಅವನ ಕೈಗೆ ಕೊಡಬೇಡ, ಹರಿದು ಹಾಕುತ್ತಾನೆ. ‘ಯಜಮಾನರು ಬರಲಿ, ಕೂತು ಮಾತಾಡೋಣ’ ಎಂದು ಬೆಣ್ಣೆ ಹಚ್ಚುತ್ತಾನೆ, ನಂಬಬೇಡ, ನಾನು ಬರುವುದು ಜೂನಿಗೆ. ಅಷ್ಟಾದರೂ ಹತ್ತನೇ ತಾರೀಖು ಗುದ್ದಲಿ ಹಿಡಿದು ಬಂದರೆ, ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತುಬಿಡು. ಏಳಿ ಅಂದರೆ, ಮೊಣಕಾಲು ನೋವು, ಏಳೋಕಾಗಲ್ಲ ಅನ್ನು. ಸುಳ್ಳೇನಲ್ಲವಲ್ಲ.