ನೀಟ್ ಬರೆದ ದಿನ

ಅಬ್ಬಾ,

ಇವತ್ತು ಅಮ್ಮಿಯ ಜೊತೆ ಹುಣಸೂರಿನಿಂದ ಬಸ್ ಹತ್ತಿ, ಮೈಸೂರಿನ ಮೆಡಿಕಲ್ ಕಾಲೇಜಿಗೆ ಹೋಗಿ ವಿಚಾರಿಸಿ ಬಂದೆ. ಆಫೀಸಿನವರು ನನ್ನ ಪಿಯುಸಿ ಅಂಕ ನೋಡಿ ಮೆಚ್ಚಿದರು. ಆಮೇಲೆ ನೀಟ್ ಅಂಕ ನೋಡಿ, "ಪಿಯುಸಿಲಿ ಅರ್ಧ ಬಂದ್ರೂ ಸಾಕು ಕಣಮ್ಮ, ಸೀಟು ಕೊಡೋದು ಇದನ್ನ ನೋಡೇ. ಇಷ್ಟಕ್ಕೆ ಸಿಗಲ್ಲ" ಎಂದರು.

ನೀಟ್ ದಿನ ನೀವು ಆಸ್ಪತ್ರೆಯಲ್ಲಿದ್ದಿರಿ. "ನನ್ನ ನೋಡ್ಕೊಳ್ಳೋಕೆ ನಿಮ್ಮಮ್ಮಿ ಅವ್ಳೆ. ನೀನು ಓಗಿ ಬರ್ದು ಬಾ ಮಗಾ" ಎಂದು ಕಳಿಸಿದಿರಿ. ಪರೀಕ್ಷೆಯುದ್ದಕ್ಕೂ ನಿಮ್ಮ ಏದುಸಿರೇ ಕಿವಿಯಲ್ಲಿತ್ತು. ನಾನು ವಾಪಸು ಬರುವಷ್ಟರಲ್ಲಿ ನಿಮ್ಮ ಮುಖಕ್ಕೆ ಬಟ್ಟೆ ಹೊದಿಸಿದ್ದರು.

"ಇಷ್ಟು ಚೆನ್ನಾಗಿ ಓದೋಳಿಗೆ ಅವತ್ತು ಏನಾಯ್ತಮ್ಮ? ಹುಷಾರಿರ್ಲಿಲ್ವಾ?" ಎಂದು ಆ ಆಫೀಸಿನವರು ಕೇಳಿದರು.

ಹೇಳಲು ಹೊರಟ ಅಮ್ಮಿಯ ಕೈಯನ್ನು ಮೆಲ್ಲಗೆ ಒತ್ತಿ ಹಿಡಿದೆ.

"ಚೆನ್ನಾಗೇ ಇದ್ದೆ ಸರ್" ಎಂದೆ.

ನಿಮ್ಮ ಹುಮೇರಾ